ವಾಲಿಯ ಅರ್ಥಕ್ಕೆ ಕೂರುವ ಮುನ್ನ ನಾನು ರಾಮನಾಗುತ್ತೇನೆ

ಯಕ್ಷಗಾನದ ಕುಳಿತಾಡುವ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದ್ಯ ಮುಗಿದು ಚೆಂಡೆ ಮದ್ದಳೆ ನಿಂತರೆ ಆಮೇಲೆ ಇರುವುದು ಮಾತೊಂದೇ. ಪಾತ್ರವಾಗಿ ಆಡುವ ಆ ಮಾತೇ 'ಅರ್ಥ', ಆಡುವವರು ಅರ್ಥಧಾರಿ. ಹವ್ಯಾಸಿ ಅರ್ಥಧಾರಿಯಾದ ನನಗೆ ಹೆಚ್ಚಾಗಿ ಒದಗುವುದು 'ವಾಲಿ ವಧೆ'ಯ ವಾಲಿ. ವಾದಕ್ಕೆ ಇದಕ್ಕಿಂತ ಒಳ್ಳೆಯ ಗರಡಿಯನ್ನು ನಾನು ಕಂಡಿಲ್ಲ.

ಕೂಟ ಗೊತ್ತಾದ ಕೂಡಲೇ ಮೊದಲು ಸಿದ್ಧಪಡಿಸುವುದು ರಾಮನ ಅರ್ಥ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದಲ್ಲಿ 17ನೇ ಸರ್ಗ ವಾಲಿಯ ಆರೋಪ, 18ನೆಯದು ರಾಮನ ಉತ್ತರ. ನಾನು 18ರಿಂದ ಶುರುಮಾಡುತ್ತೇನೆ. ರಾಮನಾಗಿ ನನ್ನ ಮಾತು ಹೀಗೆ: ಈ ಭೂಮಿ ನಮ್ಮ ವಂಶದ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆಯಲ್ಲಿ ಧರ್ಮ ತಪ್ಪಿದವನನ್ನು ದಂಡಿಸುವ ಹೊಣೆ ನನ್ನದು. ತಮ್ಮನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ. ಸುಗ್ರೀವನಿಗೆ ನಾನು ಮಾತು ಕೊಟ್ಟಿದ್ದೇನೆ. ಇವನ್ನೆಲ್ಲ ನನ್ನ ಮನಸ್ಸು ಒಪ್ಪುವವರೆಗೆ ಹೇಳಿಕೊಳ್ಳುತ್ತೇನೆ. ಆಗ ವಾಲಿಯ ಕಡೆ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಕಾಣುತ್ತದೆ. "ನಿನ್ನ ನಾಡಿಗೆ ನಾನೇನು ಕೇಡು ಮಾಡಿದೆ?" ಎಂಬುದು ಬೇಗ ಸೋಲುತ್ತದೆ. ಮರೆಯಿಂದ ಬಿಟ್ಟ ಬಾಣದ ಪ್ರಶ್ನೆ ಸೋಲುವುದಿಲ್ಲ. ಅದಕ್ಕೆ ರಾಮ ಬೇಟೆಯ ಮಾತು ತರುತ್ತಾನೆ: ಅರಸರು ಅಡಗಿ ನಿಂತೂ ಮೃಗಗಳನ್ನು ಕೊಲ್ಲುತ್ತಾರೆ. ವಾಲಿಗೆ ಎಡೆ ಸಿಗುವುದು ಅಲ್ಲೇ. ನಾನು ಮೃಗವಾದರೆ ರುಮೆಯ ವಿಷಯದಲ್ಲಿ ಮನುಷ್ಯಧರ್ಮ ನನಗೆ ಹೇಗೆ? ಧರ್ಮಕ್ಕೆ ಒಳಪಟ್ಟವನಾದರೆ ಬೇಟೆಯ ನ್ಯಾಯ ಹೇಗೆ?

ಇದನ್ನು ನಾನಾಗಿ ಮೊದಲು ಕೇಳುವುದಿಲ್ಲ. ಎದುರಿನ ಅರ್ಥಧಾರಿ ಬೇಟೆಯ ಮಾತೆತ್ತಿದರೆ ಮಾತ್ರ. ಅವರು ಬೇರೆ ದಾರಿ ಹಿಡಿದರೆ ಸಿದ್ಧತೆಯನ್ನೆಲ್ಲ ಬಿಟ್ಟು ಅವರ ಬೆನ್ನು ಹಿಡಿಯಬೇಕು. ಕಿವಿಗೊಡದವರು ಎಷ್ಟು ಓದಿದ್ದರೂ ಅಲ್ಲಿ ಎರಡು ಭಾಷಣಗಳಾಗುತ್ತವೆ, ಅಷ್ಟೇ.

ನ್ಯಾಯಶಾಸ್ತ್ರದವರು ತಿಳಿಯಲು ಆಡುವುದನ್ನು ವಾದ, ಗೆಲ್ಲಲು ಆಡುವುದನ್ನು ಜಲ್ಪ, ತನ್ನ ಪಕ್ಷವನ್ನೇ ಇಡದೆ ಖಂಡಿಸುವುದನ್ನು ವಿತಂಡ ಎಂದರು. ಜಲ್ಪಕ್ಕೆ ನನ್ನ ತಕರಾರಿಲ್ಲ. ಸಾಯುತ್ತಿರುವ ವಾಲಿಯ ನೋವು ಹಾಗೆ ಮಾತಾಡಿಸುತ್ತದೆ. ಆದರೆ ಪ್ರಸಂಗ ಬಿಟ್ಟು ಎದುರಿನವರ ಪಾಂಡಿತ್ಯ ಪರೀಕ್ಷಿಸುವುದು ನನಗೆ ಸಹಿಸದು. ಪಾತ್ರ ಅಲ್ಲಿಗೇ ಮುಗಿಯಿತು, ಉಳಿದದ್ದು ಇಬ್ಬರ ಹಟ. ವಾಲಿ ಕೊನೆಗೆ ಅಂಗದನನ್ನು ರಾಮನಿಗೆ ಒಪ್ಪಿಸುವವನು. ಆ ಪದ್ಯಕ್ಕೆ ದಾರಿ ಉಳಿಯುವಂತೆ, ಏರುದನಿಯಲ್ಲೂ ರಾಮನ ನಡೆಯನ್ನು ಪ್ರಶ್ನಿಸುತ್ತೇನೆಯೇ ಹೊರತು ರಾಮನನ್ನು ಹೀಯಾಳಿಸುವುದಿಲ್ಲ.

ಮನೆಯ ಪಾಲಿನ ಮಾತಿಗೆ ಕುಳಿತಾಗಲೂ ಇದನ್ನೇ ಮಾಡಿದೆ. ತಮ್ಮನ ಕಡೆಯ ನ್ಯಾಯವನ್ನು ಅವನೆದುರೇ ನಾನು ಹೇಳಿ, "ಬಿಟ್ಟದ್ದು ಉಂಟಾ?" ಎಂದು ಕೇಳಿದೆ. "ಒಂದು ಉಂಟು ಅಣ್ಣ" ಎಂದ. ಅಡಿಕೆ ತೋಟದ ನೀರಿನ ಪಾಳಿ. ಅದುವರೆಗೆ ಯಾರೂ ಎತ್ತದ ವಿಷಯ. ಮಾತು ಅಲ್ಲಿಂದ ಮುಂದೆ ಹೋಯಿತು.