ಸ್ಕೂಲಲ್ಲೊಂದು ಫಿಸಿಕ್ಸ್ ಫೋಟೋ ಸ್ಪರ್ಧೆ ಮಾಡೋದು ಹೀಗೆ

ಅಮೆರಿಕದ ಭೌತಶಾಸ್ತ್ರ ಶಿಕ್ಷಕರ ಸಂಘ (ಎಎಪಿಟಿ) ಹೈಸ್ಕೂಲ್ ಮಕ್ಕಳಿಗೇ ಅಂತ ಒಂದು ಫಿಸಿಕ್ಸ್ ಫೋಟೋ ಸ್ಪರ್ಧೆ ನಡೆಸ್ಕೊಂಡು ಬಂದಿದೆ. ಎರಡೇ ವಿಭಾಗ, ತಾನಾಗೇ ಕಣ್ಣಿಗೆ ಬಿದ್ದಿದ್ದು ಒಂದು, ಬೇಕಂತಲೇ ಜೋಡಿಸಿ ತೆಗೆದಿದ್ದು ಇನ್ನೊಂದು. ಫೋಟೋ ಜೊತೆ 250 ಪದದೊಳಗೆ ವಿವರಣೆ ಬರೀಬೇಕು. ನನ್ನ ಕೇಳಿದ್ರೆ ಸ್ಪರ್ಧೆ ಇರೋದೇ ಆ 250 ಪದದಲ್ಲಿ, ಫೋಟೋ ಬರೀ ನೆಪ. ನಮ್ಮ ಸ್ಕೂಲುಗಳಲ್ಲೂ ಇದನ್ನ ಆರಾಮಾಗಿ ಮಾಡ್ಬಹುದು, ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಹೇಗೂ ಏನಾದ್ರೂ ಮಾಡ್ಲೇಬೇಕಲ್ಲ, ಥರ್ಮಾಕೋಲ್ ಜ್ವಾಲಾಮುಖಿ ಈ ಸಲ ರೆಸ್ಟ್ ತಗೊಳ್ಳಲಿ.

ಮೊದಲು, ಟಾಪಿಕ್ ಕೊಡ್ಬೇಡಿ. "ವಕ್ರೀಭವನದ ಫೋಟೋ ತನ್ನಿ" ಅಂದ್ರೆ ಇಡೀ ಕ್ಲಾಸು ಲೋಟದಲ್ಲಿ ಪೆನ್ಸಿಲ್ ಇಟ್ಕೊಂಡು ಬರುತ್ತೆ. ಅದರ ಬದಲು ಒಂದೆರಡು ವಾರ ಟೈಮ್ ಕೊಟ್ಟು, "ಇದ್ಯಾಕೆ ಹೀಗೆ" ಅನ್ನಿಸಿದ್ದನ್ನೆಲ್ಲ ಕ್ಲಿಕ್ ಮಾಡಿ ಅನ್ನಿ. ಕಾದ ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದಾಗ ಹನಿ ತಕ್ಷಣ ಆವಿಯಾಗದೆ ಓಡಾಡೋದು, ಕೆಸುವಿನ ಎಲೆ ಮೇಲೆ ನೀರು ಅಂಟದೆ ಉರುಳೋದು, ಸ್ಟೀಲ್ ಸೌಟಿನೊಳಗೆ ಮುಖ ತಲೆಕೆಳಗಾಗೋದು, ಎಲ್ಲಾ ಮನೇಲೇ ಸಿಗುತ್ತೆ. ಮೊಬೈಲ್ ಇಲ್ಲದ ಮಕ್ಕಳಿರ್ತಾರೆ, ಮೂರ್ನಾಲ್ಕು ಜನರ ಗುಂಪು ಮಾಡಿ.

ಆಮೇಲೆ ಕ್ಲಾಸಲ್ಲಿ ಒಂದು ಫೋಟೋ ನೀವೇ ತೆಗೆದು ತೋರಿಸಿ. ನನಗೆ ಇಷ್ಟವಾದದ್ದು ಇದು: ಲ್ಯಾಪ್‌ಟಾಪ್ ಸ್ಕ್ರೀನ್ ಪೂರ್ತಿ ಬಿಳಿ ಮಾಡಿ, ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನ ಮೊಬೈಲ್ ಲೆನ್ಸ್ ಮುಂದೆ ಹಿಡಿದು, ಸ್ಕ್ರೀನ್ ಕಪ್ಪಾಗೋ ತನಕ ನಿಧಾನಕ್ಕೆ ತಿರುಗಿಸಿ. ಈಗ ಜಾಮೆಟ್ರಿ ಬಾಕ್ಸಿನ ಪಾರದರ್ಶಕ ಪ್ಲಾಸ್ಟಿಕ್ ಕೋನಮಾಪಕವನ್ನ ಸ್ಕ್ರೀನಿಗೂ ಕನ್ನಡಕಕ್ಕೂ ಮಧ್ಯಕ್ಕೆ ತನ್ನಿ, ಕಪ್ಪು ಸ್ಕ್ರೀನ್ ಮೇಲೆ ಕಾಮನಬಿಲ್ಲಿನ ಪಟ್ಟೆಗಳು ಬರ್ತವೆ! ಎಲ್‌ಸಿಡಿ ಸ್ಕ್ರೀನಿಂದ ಬರೋ ಬೆಳಕು ಮೊದಲೇ ಧ್ರುವೀಕರಣ (ಪೋಲರೈಸ್) ಆಗಿರುತ್ತೆ, ಅಂದ್ರೆ ಅದರ ಅಲೆ ಒಂದೇ ದಿಕ್ಕಲ್ಲಿ ಕಂಪಿಸ್ತಿರುತ್ತೆ. ಅಚ್ಚಲ್ಲಿ ಆರುವಾಗ ಪ್ಲಾಸ್ಟಿಕ್ಕಿನೊಳಗೆ ಒತ್ತಡ ಹಾಗೇ ಉಳ್ಕೊಂಡಿರುತ್ತಲ್ಲ, ಅದರಿಂದ ಬೆಳಕು ಎರಡಾಗಿ ಬೇರೆ ಬೇರೆ ವೇಗದಲ್ಲಿ ಸಾಗುತ್ತೆ, ಆಚೆ ಬಂದು ಕನ್ನಡಕ ದಾಟುವಾಗ ಕೆಲವು ಬಣ್ಣ ಉಳೀತವೆ, ಕೆಲವು ಹೋಗ್ತವೆ. ಪಟ್ಟೆಗಳು ಒತ್ತೊತ್ತಾಗಿರೋ ಕಡೆ ಒತ್ತಡ ಜಾಗದಿಂದ ಜಾಗಕ್ಕೆ ಬೇಗ ಬೇಗ ಬದಲಾಗ್ತಿದೆ ಅಂತ ಅರ್ಥ. ಕೈಯಲ್ಲಿ ಸ್ವಲ್ಪ ಬಗ್ಗಿಸಿದ್ರೆ ಪಟ್ಟೆ ಜರುಗೋದೂ ಕಾಣುತ್ತೆ.

ಇನ್ನು ಕ್ಯಾಮೆರಾ ವಿಷ್ಯ. ಓಡೋ ವಸ್ತು ಮಸುಕಾಗ್ತಿದ್ರೆ ಲೆಕ್ಕ ಹಾಕ್ಸಿ, ಅದೂ ಫಿಸಿಕ್ಸೇ. 20 ಸೆಂಟಿಮೀಟರ್ ಎತ್ತರದಿಂದ ಬಿದ್ದ ಹನಿ ಕೆಳಗೆ ಬರೋವಾಗ ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿರುತ್ತೆ, ಶಟರ್ 1/1000 ಸೆಕೆಂಡ್ ತೆರೆದಿದ್ರೂ ಅಷ್ಟರಲ್ಲಿ 2 ಮಿಲಿಮೀಟರ್ ಜಾರಿರುತ್ತೆ. ಅದಕ್ಕೇ ಪ್ರೋ ಮೋಡಲ್ಲಿ 1/4000ಕ್ಕೆ ಇಟ್ಟು ಬಿಸಿಲಲ್ಲಿ ತೆಗೀರಿ, ರೂಮೊಳಗೆ ತೆಗೆದ್ರೆ ಬರೀ ಕತ್ತಲೆ ಬರುತ್ತೆ. ಎಲೆ ತುದಿ ಹನಿಯಲ್ಲಿ ಹಿಂದಿನ ಹೂವು ತಲೆಕೆಳಗಾಗಿ ಕಾಣೋ ಫೋಟೋ ಬೇಕಂದ್ರೆ ಫೋಕಸ್ ಹನಿಯ ಅಂಚಿಗಲ್ಲ, ಒಳಗಿನ ಹೂವಿಗೆ ಇಡ್ಬೇಕು. ಸೂರ್ಯನಿಗೆ ನೇರ ಕ್ಯಾಮೆರಾ, ಕಣ್ಣು ಎರಡೂ ಬೇಡ ಅಂತ ಮೊದಲೇ ಹೇಳ್ಬಿಡಿ.

ವಿವರಣೆ ಬರೆಸೋದು ಕಷ್ಟದ ಕೆಲಸ. ಮಕ್ಕಳು ಪುಸ್ತಕದ ವ್ಯಾಖ್ಯೆ ಇಳಿಸಿ ಕೈ ತೊಳ್ಕೊತಾರೆ. "ಮೇಲ್ಮೈ ಸೆಳೆತ ಎಂದರೆ" ಅಂತ ಶುರುವಾದ್ರೆ ವಾಪಸ್ ಕೊಡಿ, "ನಿನ್ನ ಫೋಟೋದಲ್ಲಿ ಹನಿ ಬಲಕ್ಕೆ ಯಾಕೆ ಉಬ್ಬಿದೆ, ಅದನ್ನ ಬರಿ" ಅನ್ನಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೆದ್ರೆ ಮಾರ್ಕ್ಸ್ ಕಟ್ ಮಾಡ್ಬೇಡಿ.

ಮಾರ್ಕ್ಸ್ 25 ಇಟ್ರೆ 15 ವಿವರಣೆಗೆ, 10 ಫೋಟೋಗೆ ಸಾಕು, ಇಲ್ಲಾಂದ್ರೆ ಒಳ್ಳೆ ಫೋನ್ ಇರೋನೇ ಗೆಲ್ತಾನೆ. ಡೌನ್‌ಲೋಡ್ ಮಾಡಿದ್ದು ಅಂತ ಡೌಟ್ ಬಂದ್ರೆ ಬೈಯೋದೇನೂ ಬೇಡ, ಅದೇ ಫೋಟೋನ ಲ್ಯಾಬಲ್ಲಿ ನಿಮ್ಮೆದುರು ಇನ್ನೊಂದ್ಸಲ ತೆಗೆಯೋಕೆ ಹೇಳಿ.