ಐದನೆಯ ಸ್ಥಾನ ಯಾಕೆ ಬಂತು? ರೇಸ್ ಕಾರ್ಡ್ ಓದುವ ಬಗೆ

ರೇಸ್ ಕಾರ್ಡ್, ಅಂದರೆ ಆ ದಿನದ ಕುದುರೆ ರೇಸುಗಳ ವಿವರದ ಪಟ್ಟಿ, ಕೈಗೆ ಬಂದ ತಕ್ಷಣ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಕುದುರೆಯ ಹೆಸರಿನ ಪಕ್ಕ ಅದು ಹಿಂದಿನ ಓಟಗಳಲ್ಲಿ ಎಷ್ಟನೆಯದಾಗಿ ಬಂತು ಎಂದು ಹೇಳುವ ಅಂಕಿಗಳ ಮೇಲೆ ಬೆರಳಾಡಿಸುತ್ತಾರೆ. 1 ಕಂಡರೆ ಟಿಕ್, 7 ಕಂಡರೆ ಕಾಟು. ಎರಡೇ ನಿಮಿಷದಲ್ಲಿ ಒಂದು ರೇಸು ಮುಗಿಯಿತು. ಆಮೇಲೆ ಕಾಟು ಹೊಡೆದ ಕುದುರೆ ಗೆದ್ದರೆ ‘ಇದೆಲ್ಲ ಮೊದಲೇ ಫಿಕ್ಸ್ ಆಗಿತ್ತು’ ಎಂದು ಗೊಣಗುತ್ತಾರೆ. ನಾನೂ ಹಲವು ವರ್ಷ ಹೀಗೇ ಗೊಣಗಿದವನು.

ಆ ಅಂಕಿ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ಬಹಳ ಕಡಿಮೆ. ಅಮೆರಿಕದ 1973ರ ಬೆಲ್ಮಾಂಟ್ ಸ್ಟೇಕ್ಸ್ ಓಟ ನೋಡಿ. ಸೆಕ್ರೆಟೇರಿಯಟ್ ಎಂಬ ಕುದುರೆ 31 ಲೆಂಗ್ತ್ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಅಂತರದಲ್ಲಿ ಗೆದ್ದ ರೇಸು ಅದು. ಓಡಿದ್ದು ಐದೇ ಕುದುರೆ. ಕೊನೆಯಲ್ಲಿ ಬಂದದ್ದು ಶಾಮ್. ಅದರ ಹೆಸರಿನ ಪಕ್ಕ ಬಿದ್ದ ಅಂಕಿ 5. ಆದರೆ ಅದೇ ಶಾಮ್ ಹಿಂದಿನ ಎರಡು ದೊಡ್ಡ ರೇಸುಗಳಲ್ಲಿ, ಕೆಂಟಕಿ ಡರ್ಬಿ ಮತ್ತು ಪ್ರೀಕ್‌ನೆಸ್‌ನಲ್ಲಿ, ಸೆಕ್ರೆಟೇರಿಯಟ್ ಹಿಂದೆ ಬರೀ ಎರಡೂವರೆ ಲೆಂಗ್ತ್ ಅಂತರದಲ್ಲಿ ಎರಡನೆಯದಾಗಿತ್ತು. ಬೆಲ್ಮಾಂಟಿನಲ್ಲಿ ಅದು ಸೆಕ್ರೆಟೇರಿಯಟ್ ಜೊತೆ ಹೆಗಲಿಗೆ ಹೆಗಲು ಕೊಟ್ಟು ಓಡಲು ಹೋಯಿತು. ಹನ್ನೆರಡು ಫರ್ಲಾಂಗಿನ (ಒಂದು ಫರ್ಲಾಂಗ್ ಅಂದರೆ ಸುಮಾರು 200 ಮೀಟರ್) ರೇಸಿನಲ್ಲಿ ಮೊದಲ ಆರು ಫರ್ಲಾಂಗ್ 1 ನಿಮಿಷ 10 ಸೆಕೆಂಡಿನೊಳಗೇ ಮುಗಿದಿತ್ತು. ಶಾಮ್ ಉಸಿರು ಅಲ್ಲಿಗೇ ಖಾಲಿ. ಹಿಂದೆ ನಿಧಾನವಾಗಿ ಬರುತ್ತಿದ್ದ ಮೂರೂ ಕುದುರೆಗಳು ಅದನ್ನು ದಾಟಿಹೋದವು. ಅಂಕಿ ಮಾತ್ರ ನೋಡಿದರೆ ಆ ಮೂರೂ ಶಾಮ್‌ಗಿಂತ ಒಳ್ಳೆಯ ಕುದುರೆಗಳು!

ಹಾಗಾಗಿ ಎಷ್ಟನೆಯ ಸ್ಥಾನ ಬಂತು ಎಂದು ನೋಡಿ ಬಿಟ್ಟುಬಿಡಬೇಡಿ. ಯಾಕೆ ಬಂತು ಎಂದು ಹುಡುಕಿ. ಒಂದು ದಿನದ ಫ್ಲ್ಯಾಟ್ ರೇಸುಗಳನ್ನು, ಅಂದರೆ ಬೇಲಿ ಹಾರುವ ಗೋಜಿಲ್ಲದ ಓಟಗಳನ್ನು, ನಾನು ಅಳೆಯುವ ಕ್ರಮ ಹೀಗೆ.

ಹಂತ 1: ಕುದುರೆ ಆಮೇಲೆ, ಮೊದಲು ರೇಸು ಆರಿಸಿ

ದಿನಕ್ಕೆ ಆರೇಳು ರೇಸು ಇರುತ್ತವೆ. ಎಲ್ಲವನ್ನೂ ಓದಲು ಹೋಗಬೇಡಿ. ಎರಡು ಸಾಕು, ಮೂರು ಜಾಸ್ತಿಯೇ. ಹತ್ತು ಕುದುರೆಗಳ ಒಂದು ರೇಸನ್ನು ಸರಿಯಾಗಿ ಓದಲು ನನಗೆ ಒಂದು ಗಂಟೆ ಬೇಕು. ‘ಹತ್ತು ನಿಮಿಷ ಸಾಕು’ ಎನ್ನುವವರು ಕುದುರೆಯ ಹೆಸರು ಓದುತ್ತಿದ್ದಾರೆ ಅಷ್ಟೇ.

ಮೊದಲು ಬಿಡಬೇಕಾದದ್ದು ಎರಡು ವರ್ಷದ ಮರಿಗಳ ರೇಸು. ಒಮ್ಮೆಯೂ ಓಡದ ಕುದುರೆ ಬಗ್ಗೆ ಓದಲು ಏನಿದೆ? ಅಪ್ಪ ಯಾರು, ಅಮ್ಮ ಯಾರು, ಇಷ್ಟೇ. ಇನ್ನೊಂದು ತಮಾಷೆಯೂ ಇದೆ. ಉತ್ತರ ಗೋಳಾರ್ಧದಲ್ಲಿ ಎಲ್ಲ ಥರೋಬ್ರೆಡ್ (ರೇಸಿನ ತಳಿಯ) ಕುದುರೆಗಳಿಗೂ ಜನವರಿ 1ರಂದೇ ಒಂದು ವರ್ಷ ತುಂಬಿತು ಎಂದು ಲೆಕ್ಕ. ಫೆಬ್ರವರಿಯಲ್ಲಿ ಹುಟ್ಟಿದ್ದಕ್ಕೂ ಮೇ ತಿಂಗಳಲ್ಲಿ ಹುಟ್ಟಿದ್ದಕ್ಕೂ ಕಾರ್ಡಿನಲ್ಲಿ ಒಂದೇ ವಯಸ್ಸು. ಆ ವಯಸ್ಸಿನಲ್ಲಿ ಮೂರು ತಿಂಗಳು ಅಂದರೆ ಮೂಳೆ, ಮಾಂಸ ಎರಡರಲ್ಲೂ ವ್ಯತ್ಯಾಸ ಕಾಣುತ್ತದೆ. ಆದ್ದರಿಂದ ಹುಟ್ಟಿದ ದಿನ ನೋಡದೆ ಈ ರೇಸಿಗೆ ಕೈ ಹಾಕಬೇಡಿ. ನಾನಂತೂ ಹಾಕುವುದೇ ಇಲ್ಲ.

ನನಗೆ ಇಷ್ಟವಾದದ್ದು ಎಂಟರಿಂದ ಹನ್ನೆರಡು ಕುದುರೆಗಳ ಹ್ಯಾಂಡಿಕ್ಯಾಪ್, ಅಂದರೆ ಕುದುರೆಯ ಸಾಮರ್ಥ್ಯ ನೋಡಿ ತೂಕ ಹೊರಿಸುವ ರೇಸು. ಪ್ರತಿಯೊಂದೂ ಕನಿಷ್ಠ ನಾಲ್ಕೈದು ಸಲ ಓಡಿರಬೇಕು.

ಹಂತ 2: ರೇಸಿನ ಷರತ್ತು ಓದಿ

ದೂರ ಎಷ್ಟು, ಯಾವ ದರ್ಜೆ, ಯಾವ ವಯಸ್ಸು, ಕುದುರೆ ಹೊರುವ ತೂಕ (ಸವಾರನೂ ಸೇರಿ) ಎಷ್ಟು. ಎರಡು ಸಾಲು, ಒಂದು ನಿಮಿಷ. ಜೊತೆಗೆ ಕಾರ್ಡಿನ ಚಿಹ್ನೆಗಳ ಪಟ್ಟಿಯನ್ನೂ ಒಮ್ಮೆ ನೋಡಿಬಿಡಿ. ಕೊನೆಯ ಓಟದ ಅಂಕಿ ಎಡಗಡೆ ಇದೆಯೋ ಬಲಗಡೆಯೋ ಎಂದು ಗೊತ್ತಿಲ್ಲದೆ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಹಂತ 3: ಹಿಂದಿನ ಮೂರು ಓಟ

ಕೆಲಸ ಇರುವುದೇ ಇಲ್ಲಿ. ಜನ ಎಡವುವುದೂ ಇಲ್ಲೇ. ಒಂದು ಪುಸ್ತಕ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಪೆನ್ ಬೇಡ, ಅಳಿಸುವುದು ಬಹಳ ಇರುತ್ತದೆ. ಪ್ರತಿ ಕುದುರೆಗೆ ಒಂದು ಸಾಲು, ಪ್ರತಿ ಓಟಕ್ಕೆ ಒಂದು ಚೌಕ.

ಮೊದಲ ಲೆಕ್ಕ ತೂಕ ಮತ್ತು ಅಂತರದ್ದು. ಹ್ಯಾಂಡಿಕ್ಯಾಪ್ ಅಂದರೆ ಒಳ್ಳೆಯ ಕುದುರೆಗೆ ಜಾಸ್ತಿ ತೂಕ ಹೊರಿಸಿ ಎಲ್ಲರನ್ನೂ ಒಂದೇ ಮಟ್ಟಕ್ಕೆ ತರುವ ಪ್ರಯತ್ನ. ಹಾಗಾಗಿ ಎಷ್ಟು ಲೆಂಗ್ತ್ ಹಿಂದೆ ಬಂತು ಎಂಬುದನ್ನು ತೂಕಕ್ಕೆ ಬದಲಾಯಿಸಿಕೊಳ್ಳಬೇಕು. ಎಂಟು ಫರ್ಲಾಂಗ್ ಓಟದಲ್ಲಿ ಒಂದು ಲೆಂಗ್ತ್ ಅಂದರೆ ಹೆಚ್ಚು ಕಡಿಮೆ ಒಂದು ಕಿಲೋ. ಐದು ಫರ್ಲಾಂಗಿನ ಓಟದಲ್ಲಿ ಅದು ಒಂದು ಕಿಲೋ ನಾನೂರು ಗ್ರಾಂ ಹತ್ತಿರ. ಹನ್ನೆರಡು ಫರ್ಲಾಂಗಿಗೆ ಮುಕ್ಕಾಲು ಕಿಲೋಗಿಂತ ತುಸು ಕಡಿಮೆ. ದೂರ ಜಾಸ್ತಿಯಾದಷ್ಟೂ ಒಂದು ಲೆಂಗ್ತಿನ ಬೆಲೆ ಇಳಿಯುತ್ತದೆ.

ಉದಾಹರಣೆಗೆ, ಎಂಟು ಫರ್ಲಾಂಗಿನ ಓಟದಲ್ಲಿ ಕರಿ ಕುದುರೆ 60 ಕಿಲೋ ಹೊತ್ತು ಗೆದ್ದಿತು. ಬಿಳಿ ಕುದುರೆ 54 ಕಿಲೋ ಹೊತ್ತು ಎರಡು ಲೆಂಗ್ತ್ ಹಿಂದೆ ಬಂತು. ಆರು ಕಿಲೋ ಜಾಸ್ತಿ ಹೊತ್ತೂ ಕರಿ ಕುದುರೆ ಎರಡು ಕಿಲೋದಷ್ಟು ಮುಂದಿತ್ತು. ಅಂದರೆ ಅದು ಎಂಟು ಕಿಲೋ ಮೇಲು. ಇವತ್ತು ಅವೆರಡೂ ಮತ್ತೆ ಎದುರಾಗಿವೆ, ಕರಿಯದಕ್ಕೆ 62, ಬಿಳಿಯದಕ್ಕೆ 54. ಈಗ ವ್ಯತ್ಯಾಸ ಸರಿಯಾಗಿ ಎಂಟು ಕಿಲೋ. ಕಾಗದದ ಮೇಲೆ ಎರಡೂ ಸಮ. ಆದರೆ ಅಂಕಿ ನೋಡುವವನು ‘ಹೋದ ಸಲ ಕರಿಯದು ಸೋಲಿಸಿತ್ತಲ್ಲ’ ಎಂದು ಅತ್ತ ಓಡುತ್ತಾನೆ.

ವಯಸ್ಸು ಬೇರೆ ಬೇರೆ ಇದ್ದರೆ ಇದರ ಮೇಲೆ ಇನ್ನೊಂದು ಲೆಕ್ಕ ಸೇರುತ್ತದೆ. ಮೂರು ವರ್ಷದ ಕುದುರೆ ವರ್ಷವಿಡೀ ಬೆಳೆಯುತ್ತಿರುತ್ತದೆ. ಅದಕ್ಕೇ ದೊಡ್ಡವರ ಜೊತೆ ಓಡುವಾಗ ಅದಕ್ಕೆ ತೂಕದಲ್ಲಿ ರಿಯಾಯಿತಿ ಕೊಡುತ್ತಾರೆ. ತಿಂಗಳು ಕಳೆದಂತೆ ರಿಯಾಯಿತಿ ಇಳಿಯುತ್ತದೆ. ಈ ಪಟ್ಟಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಡ್ಮಿರಲ್ ರೌಸ್ ಮಾಡಿದ. ಅಲ್ಲಲ್ಲಿ ತಿದ್ದಿದ್ದಾರೆ, ಆದರೆ ಬುನಾದಿ ಅದೇ.

ಲೆಕ್ಕ ಮಾಡಿದ್ದೇವೆ ಎಂದು ಕುಣಿಯಬೇಡಿ. ಹತ್ತು ಲೆಂಗ್ತ್‌ಗಿಂತ ಹಿಂದೆ ಬಂದ ಕುದುರೆಗೆ ಈ ಲೆಕ್ಕ ಹಾಕಬೇಡಿ. ಗೆಲ್ಲುವುದಿಲ್ಲ ಎಂದು ಗೊತ್ತಾದ ಮೇಲೆ ಜಾಕಿ ಕುದುರೆಯನ್ನು ದಣಿಸದೆ ಸುಮ್ನೆ ತಂದು ಮುಟ್ಟಿಸುತ್ತಾನೆ. ಅಲ್ಲಿ ಹದಿನೈದು ಲೆಂಗ್ತಿಗೂ ಇಪ್ಪತ್ತೈದಕ್ಕೂ ಅರ್ಥವಿಲ್ಲ. ಕೆಸರು ನೆಲದಲ್ಲೂ ಎಚ್ಚರ, ಅಲ್ಲಿ ಅಂತರಗಳು ತಾವಾಗಿಯೇ ಹಿಗ್ಗುತ್ತವೆ.

ಎರಡನೆಯದು ದಾರಿಯಲ್ಲಿ ಆದದ್ದು. ಫಲಿತಾಂಶದ ಕೆಳಗೆ ಪ್ರತಿ ಕುದುರೆಯ ಓಟದ ಬಗ್ಗೆ ಒಂದು ಸಾಲು ಬರೆದಿರುತ್ತಾರೆ. ಗೇಟಿನಿಂದ ತಡವಾಗಿ ಹೊರಟಿತು, ಸಂದು ಸಿಗಲಿಲ್ಲ, ತಿರುವಿನಲ್ಲಿ ಹೊರಗಡೆಯಿಂದ ಸುತ್ತಿ ಬಂತು. ಈ ಸಾಲನ್ನು ಬಿಡದೆ ಓದಿ. ವಿಡಿಯೋ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಗೆದ್ದ ಕುದುರೆಯನ್ನು ನೋಡಬೇಡಿ, ನಿಮ್ಮ ಕುದುರೆಯೊಂದನ್ನೇ ನೋಡಿ. ಕೊನೆಯ ಎರಡು ಫರ್ಲಾಂಗಿನಲ್ಲಿ ಜಾಕಿ ಲಗಾಮು ಎಳೆದು ಎದ್ದು ಕೂತನೇ? ಎದುರಿಗೆ ಗೋಡೆಯಂತೆ ಕುದುರೆಗಳಿದ್ದವೇ? ಹಾಗಿದ್ದರೆ ಆ ಓಟದ ಚೌಕದಲ್ಲಿ ಒಂದು ನಕ್ಷತ್ರ ಹಾಕಿ. ಹಾಗಂತ ಪ್ರತಿ ಸೋಲಿಗೂ ನೆಪ ಹುಡುಕಬೇಡಿ. ಮೂರು ಓಟದಲ್ಲೂ ‘ಸಂದು ಸಿಗಲಿಲ್ಲ’ ಎಂದಿದ್ದರೆ ಸಂದಿನದೇನೂ ತಪ್ಪಿಲ್ಲ, ಕುದುರೆಗೆ ನುಗ್ಗುವ ವೇಗವಿಲ್ಲ.

ಮೂರನೆಯದು ಓಟದ ಗತಿ. ಹೊಸಬರು ಪೂರ್ತಿ ಮರೆಯುವುದು ಇದನ್ನೇ. ಮೊದಲರ್ಧ ತೀರಾ ಜೋರಾಗಿ ಹೋದರೆ ಮುಂದಿದ್ದವು ಸುಸ್ತಾಗುತ್ತವೆ, ಹಿಂದಿದ್ದವು ಬಂದು ಗೆಲ್ಲುತ್ತವೆ. ಮೊದಲರ್ಧ ನಿಧಾನವಾದರೆ ಕೊನೆಯ ಎರಡು ಫರ್ಲಾಂಗ್ ಬರೀ ವೇಗದ ಪಂದ್ಯ. ಆಗ ಮುಂದಿದ್ದವನಿಗೇ ಲಾಭ, ಹಿಂದಿನಿಂದ ಎಷ್ಟು ಚೆನ್ನಾಗಿ ಬಂದರೂ ತಲುಪಲಾಗದು. ಆದ್ದರಿಂದ ಆ ಓಟದ ಮೊದಲ ನಾಲ್ಕು ಸ್ಥಾನದವರು ಎಲ್ಲಿಂದ ಬಂದರು ನೋಡಿ. ನಾಲ್ಕರಲ್ಲಿ ಮೂರು ಹಿಂದಿನಿಂದ ಬಂದಿದ್ದು, ಒಂದು ಮಾತ್ರ ಮೊದಲಿನಿಂದ ಮುಂದಿದ್ದೂ ನಾಲ್ಕನೆಯದಾಗಿದ್ದರೆ, ಆ ರೇಸಿನಲ್ಲಿ ನನ್ನ ಮೆಚ್ಚುಗೆ ಆ ನಾಲ್ಕನೆಯದಕ್ಕೇ. ಗೆದ್ದದ್ದಕ್ಕಿಂತಲೂ ಜಾಸ್ತಿ ಸಲ ನನಗೆ ಖುಷಿ ಕೊಟ್ಟಿರುವುದು ಇಂಥವೇ. ಒಂದೊಂದು ಫರ್ಲಾಂಗಿನ ಸಮಯ ಅಚ್ಚಾಗಿದ್ದರೆ ಕೆಲಸ ಸಲೀಸು. ಇಲ್ಲದಿದ್ದರೂ ಈ ಉಪಾಯ ಸಾಕು.

ಇದಕ್ಕೆ ಅಪವಾದವೂ ಉಂಟು. 2011ರಲ್ಲಿ ಫ್ರ್ಯಾಂಕೆಲ್ ಎಂಬ ಕುದುರೆ ಇಂಗ್ಲೆಂಡಿನ ‘2000 ಗಿನೀಸ್’ ಎಂಬ ಓಟದಲ್ಲಿ ಗೇಟಿನಿಂದಲೇ ಹುಚ್ಚುವೇಗದಲ್ಲಿ ಹೊರಟು, ದೂರ ಹೋಗಿ, ಆರು ಲೆಂಗ್ತ್ ಅಂತರದಲ್ಲಿ ಗೆದ್ದಿತ್ತು. ಆದರೆ ಅದು ಓಡಿದ 14 ರೇಸನ್ನೂ ಗೆದ್ದ ಕುದುರೆ. ನಿಮ್ಮ ಮುಂದಿರುವ ಕಾರ್ಡಿನಲ್ಲಿ ಫ್ರ್ಯಾಂಕೆಲ್ ಇರುವುದಿಲ್ಲ.

ಇಷ್ಟೆಲ್ಲ ಯಾಕೆ, ನಕ್ಷತ್ರ ಕೊಡುವ ಆ್ಯಪ್‌ಗಳಿವೆಯಲ್ಲ ಎನ್ನುತ್ತೀರಿ. ನಾನೂ ಒಂದಕ್ಕೆ ವರ್ಷದ ಚಂದಾ ಕಟ್ಟಿದ್ದೆ. ಆರು ವಾರ ಪೆನ್ಸಿಲ್ ಹಿಡಿದು ಹೋಲಿಸಿದೆ. ಅದು ಕೊಡುತ್ತಿದ್ದ ನಕ್ಷತ್ರಗಳು ಹಿಂದಿನ ಸ್ಥಾನಗಳ ಸರಾಸರಿಯ ಹಾಗೇ ಇದ್ದವು. ಕಾರ್ಡಿನಲ್ಲಿ ಪುಕ್ಕಟೆ ಸಿಗುವ ಅಂಕಿಗೇ ಬಣ್ಣ ಬಳಿದು ಮಾರುತ್ತಿದ್ದರು, ಅಷ್ಟೇ. ‘ನೂರಕ್ಕೆ ನೂರು ಖಚಿತ’ ಎಂದು ಫೋನಿಗೆ ಬರುವ ಟಿಪ್ಸ್ ಬಗ್ಗೆ ಮಾತೇ ಬೇಡ. ಅಷ್ಟು ಖಚಿತವಿದ್ದರೆ ನಿಮಗೆ ಯಾಕೆ ಹೇಳುತ್ತಾರೆ?

ಹಂತ 4: ಇವತ್ತಿನ ಓಟ ಹೇಗೆ ಸಾಗಬಹುದು

ಹಿಂದಿನ ಓಟಗಳಿಂದ ಪ್ರತಿ ಕುದುರೆಯ ಚಾಳಿ ಗೊತ್ತಾಗಿರುತ್ತದೆ. ಮುಂದೆ ಓಡುವುದಕ್ಕೆ ‘ಮು’, ನಡುವಿನದಕ್ಕೆ ‘ನ’, ಹಿಂದಿನದಕ್ಕೆ ‘ಹಿ’ ಎಂದು ಬರೆಯಿರಿ. ಒಂದೇ ‘ಮು’ ಇದ್ದರೆ ಅದು ತನ್ನಿಷ್ಟದ ವೇಗದಲ್ಲಿ ಹೋಗಿ ಕದ್ದುಬಿಡಬಹುದು. ನಾಲ್ಕಿದ್ದರೆ ಪರಸ್ಪರ ಕಾದಾಡಿ ಸಾಯುತ್ತವೆ, ‘ಹಿ’ಗಳಿಗೆ ಹಬ್ಬ. ಯಾವುದಾದರೂ ಕುದುರೆಯನ್ನು ಕೊನೆ ಗಳಿಗೆಯಲ್ಲಿ ವಾಪಸ್ ತೆಗೆದರೆ ಈ ಹಂತವನ್ನು ಮತ್ತೆ ಮಾಡಿ. ಇದ್ದ ಎರಡು ‘ಮು’ಗಳಲ್ಲಿ ಒಂದು ಹೋದರೆ ಇಡೀ ರೇಸೇ ಬೇರೆ.

ಹಂತ 5: ನೆಲ ಮತ್ತು ಡ್ರಾ

ನೆಲ ಗಟ್ಟಿ ಇದೆಯೋ ಮೆತ್ತಗಿದೆಯೋ ನೋಡಿ. ಇಂಥ ನೆಲದಲ್ಲಿ ಕುದುರೆ ಮೊದಲು ಚೆನ್ನಾಗಿ ಓಡಿದೆಯೇ? ಓಡಿಲ್ಲದಿದ್ದರೆ ಅದರ ಅಪ್ಪನ ಇತರ ಮಕ್ಕಳು ಹೇಗೆ ಓಡಿವೆ ನೋಡಿ. ಬೆಳಗಿನ ವರದಿ ನೆಚ್ಚಬೇಡಿ, ಮಧ್ಯಾಹ್ನದ ಒಂದು ಮಳೆ ಎಲ್ಲ ಬದಲಾಯಿಸುತ್ತದೆ.

ಡ್ರಾ ಅಂದರೆ ಗೇಟಿನ ಸಂಖ್ಯೆ. ತಿರುವು ಬೇಗ ಬರುವ ಚಿಕ್ಕ ಓಟದಲ್ಲಿ ಒಳಗಿನ ಗೇಟಿಗೆ ಲಾಭ. ಇಂಗ್ಲೆಂಡಿನ ಚೆಸ್ಟರ್ ಇದಕ್ಕೆ ಹೆಸರುವಾಸಿ. ಒಂದು ಸುತ್ತು ಒಂದು ಮೈಲಿಗಿಂತ ತುಸುವೇ ಜಾಸ್ತಿ, ಎಲ್ಲಿ ನೋಡಿದರೂ ತಿರುವು. ಅಲ್ಲಿ ಐದು ಫರ್ಲಾಂಗ್ ಓಟದಲ್ಲಿ ಹೊರಗಿನ ಗೇಟು ಸಿಕ್ಕ ಕುದುರೆಗೆ ನಾನು ಅರ್ಧ ಮನಸ್ಸಿನಿಂದಲೂ ಟಿಕ್ ಹಾಕುವುದಿಲ್ಲ. ನೇರ ಟ್ರ್ಯಾಕಿನಲ್ಲಿ ಇಂಥ ನಿಯಮ ಇಲ್ಲ. ಅಲ್ಲಿ ‘ಮು’ ಕುದುರೆಗಳು ಯಾವ ಬದಿಯಲ್ಲಿವೆ ನೋಡಿ, ವೇಗ ಇರುವುದು ಆ ಕಡೆ.

ಹಂತ 6: ಜಾಕಿ, ಟ್ರೈನರ್, ಕಣ್ಣುಪಟ್ಟಿ

ಸಮಬಲದ ಎರಡು ಕುದುರೆ ಉಳಿದಾಗ ಮಾತ್ರ ಇದನ್ನು ನೋಡಿ. ದೊಡ್ಡ ಜಾಕಿ ಹೆಸರು ಕಂಡ ಕೂಡಲೇ ಕುದುರೆಗೆ ಕೊಂಬು ಬರುವುದಿಲ್ಲ. ಕಲಿಯುವ ಹುಡುಗ ಸವಾರನಾಗಿದ್ದರೆ ಅವನಿಗೆ ಸಿಗುವ ತೂಕದ ರಿಯಾಯಿತಿಯನ್ನು ಮೂರನೆಯ ಹಂತದ ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ. ಬ್ಲಿಂಕರ್ಸ್, ಅಂದರೆ ಕುದುರೆ ಅಕ್ಕಪಕ್ಕ ನೋಡದಂತೆ ಹಾಕುವ ಕಣ್ಣುಪಟ್ಟಿ, ಮೊದಲ ಸಲ ಕಟ್ಟಿದ್ದರೆ ಗುರುತು ಮಾಡಿಕೊಳ್ಳಿ. ಐದನೆಯ ಸಲವಾದರೆ ಬಿಡಿ.

ಹಂತ 7: ನಿಮ್ಮ ದರ ನೀವೇ ಬರೆಯಿರಿ

ಇಲ್ಲಿಯವರೆಗೆ ಬೆಟ್ಟಿಂಗ್ ದರ ನೋಡಬಾರದು. ಕಾರ್ಡಿನಲ್ಲಿ ಅಚ್ಚಾಗಿದ್ದರೆ ಅದರ ಮೇಲೆ ಕಾಗದ ಅಂಟಿಸಿ. ನೋಡಿದರೆ ಫೇವರಿಟ್ (ಜನ ಅತಿ ಹೆಚ್ಚು ಹಣ ಕಟ್ಟಿದ) ಕುದುರೆಗೆ ನಿಮಗೇ ಗೊತ್ತಿಲ್ಲದೆ ನೆಪ ಹುಡುಕಿಕೊಡುತ್ತೀರಿ.

ಒಟ್ಟು 100 ಅಂಕ ಎಂದುಕೊಂಡು ಗೆಲ್ಲುವ ಸಾಧ್ಯತೆಯನ್ನು ಎಲ್ಲ ಕುದುರೆಗಳಿಗೂ ಹಂಚಿ. 25 ಕೊಟ್ಟರೆ ಅದು ಒಂದಕ್ಕೆ ಮೂರರ ದರ, ಅಂದರೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಮೂರು ರೂಪಾಯಿ ಲಾಭ. 10 ಕೊಟ್ಟರೆ ಒಂದಕ್ಕೆ ಒಂಬತ್ತು. ಮೊದಲ ಸಲ ಮಾಡಿದಾಗ ಎಲ್ಲರ ಮೊತ್ತವೂ 140 ದಾಟುತ್ತದೆ. ಎಲ್ಲ ಕುದುರೆಯೂ ಇಷ್ಟವಾಗಿರುತ್ತದೆ ಅಲ್ವಾ! ಅಳಿಸಿ, ಕಡಿಮೆ ಮಾಡಿ. ಆಮೇಲೆ ಅಂಟಿಸಿದ ಕಾಗದ ತೆಗೆಯಿರಿ. ನಿಮ್ಮ ಅಂದಾಜಿಗೂ ಊರಿನವರ ಅಂದಾಜಿಗೂ ಬಹಳ ವ್ಯತ್ಯಾಸ ಇರುವ ಕುದುರೆ ಯಾವುದು ನೋಡಿ, ಅದರ ಮೂರು ಓಟಗಳನ್ನು ಇನ್ನೊಮ್ಮೆ ಓದಿ. ಹತ್ತರಲ್ಲಿ ಆರು ಸಲ ತಪ್ಪು ನನ್ನದೇ ಆಗಿರುತ್ತದೆ. ಯಾವುದೋ ಒಂದು ಸಾಲು ಬಿಟ್ಟಿರುತ್ತೇನೆ.

ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್‌ಗೆ ಹೋಗುವುದಾದರೆ ಹೋಗಿ. ತಣ್ಣನೆಯ ದಿನವೂ ಬೆವರು ನೊರೆಯಾಗಿ ಇಳಿಯುತ್ತಿದ್ದರೆ ಆ ಕುದುರೆಯ ಅಂಕ ಸ್ವಲ್ಪ ಇಳಿಸಿ. ಮಿಂಚುವ ಮೈ ನೋಡಿ ಮಾತ್ರ ಏರಿಸಬೇಡಿ. ಅದು ಕುದುರೆ ತಿಕ್ಕುವವನ ಕೈಗುಣವೂ ಇರಬಹುದು.

ರೇಸು ಮುಗಿದ ಸಂಜೆ ಅದೇ ಪುಸ್ತಕದಲ್ಲಿ ಇವತ್ತಿನ ಚೌಕ ತುಂಬಿ: ಎಷ್ಟು ತೂಕ, ಎಷ್ಟು ಲೆಂಗ್ತ್, ದಾರಿಯಲ್ಲಿ ಏನಾಯಿತು, ಗತಿ ಹೇಗಿತ್ತು. ಹತ್ತು ನಿಮಿಷದ ಕೆಲಸ. ಮೂರು ವಾರದ ನಂತರ ಅದೇ ಕುದುರೆ ಇನ್ನೊಂದು ಕಾರ್ಡಿನಲ್ಲಿ ಕಂಡಾಗ ಎಲ್ಲರೂ 5 ಎಂದು ಓದುವ ಜಾಗದಲ್ಲಿ ನಿಮ್ಮ ಚೌಕದಲ್ಲಿ ಒಂದು ನಕ್ಷತ್ರ ಇರುತ್ತದೆ.