ಎಳೆದರೆ ಹರಿಯುವ ಕ್ಲಾಟ್ ಕೊನೆಗೂ ಕಂಪ್ಯೂಟರ್‌ನಲ್ಲಿ ಬಂತು: ನನ್ನ ಅನುಭವ

"ಕ್ಲಾಟ್ ಅಂದ್ರೆ ರಬ್ಬರ್ ತುಂಡಲ್ಲ ಕಣ್ರೀ, ಅದು ನಿಮ್ಮ ಕಂಪ್ಯೂಟರ್‌ಗೆ ಸಿಗಲ್ಲ." ಮೂರು ವರ್ಷದ ಹಿಂದೆ ನನ್ನ ಮೊದಲ ವಿಡಿಯೋ ನೋಡಿ ಸ್ಟ್ರೋಕ್ ಕೇಸ್ ಮಾಡುವ ಡಾಕ್ಟರೊಬ್ಬರು ಹೀಗೆ ಹೇಳಿದ್ದರು. ಸ್ಟ್ರೋಕ್‌ನಲ್ಲಿ ಮಿದುಳಿನ ರಕ್ತನಾಳಕ್ಕೆ ಅಡ್ಡ ಬರುವ ಹೆಪ್ಪುಗಟ್ಟಿದ ರಕ್ತವೇ ಕ್ಲಾಟ್; ಅದನ್ನು ಎಳೆದು ತೆಗೆಯೋದನ್ನು ಕಂಪ್ಯೂಟರ್ ಮಾಡೆಲ್‌ನಲ್ಲಿ ತೋರಿಸೋದು ನನ್ನ ಕೆಲಸ. ಅವತ್ತಿಗೆ ಅವರು ಹೇಳಿದ್ದು ಸರಿಯೇ. ನನ್ನ ಮಾಡೆಲ್‌ನಲ್ಲಿ ಸ್ಟೆಂಟ್ ರಿಟ್ರೀವರ್ (ಕ್ಲಾಟನ್ನು ಹಿಡಿದು ಎಳೆಯುವ ತಂತಿ ಬಲೆ) ಎಳೆದಾಗಲೆಲ್ಲ ಕ್ಲಾಟ್ ಇಡಿಯಾಗಿ ಹೊರಗೆ ಬರುತ್ತಿತ್ತು. ಬೆಂಚ್ ಮೇಲೆ ಗಾಜಿನ ನಾಳದಲ್ಲಿ ನಿಜವಾದ ಕ್ಲಾಟ್ ಎಳೆದರೆ ಅದು ಅರ್ಧಕ್ಕೆ ಹರಿದು, ಚೂರುಗಳು ಹರಿವಿನ ಜೊತೆ ಮುಂದಕ್ಕೆ ಹೋಗುತ್ತಿದ್ದವು.

ಮೊದಲ ತಪ್ಪು ನನ್ನ ಡೇಟಾದಲ್ಲೇ ಇತ್ತು. ಕ್ಲಾಟನ್ನು ಅದುಮಿ ಅಳೆದಿದ್ದೆ, ಅದಕ್ಕೇ ಆಗ್ಡೆನ್ ಮಾಡೆಲ್ (ರಬ್ಬರ್‌ನಂಥ ವಸ್ತು ಎಷ್ಟು ಬಲಕ್ಕೆ ಎಷ್ಟು ಹಿಗ್ಗಿ ಕುಗ್ಗುತ್ತೆ ಅನ್ನೋ ಸೂತ್ರ) ಫಿಟ್ ಮಾಡಿದ್ದೆ. ಅದುಮೋದು ಸುಲಭ ಅಲ್ವಾ. ಆದರೆ ಅದುಮಿದಾಗ ಒಂದು ಥರ, ಎಳೆದಾಗ ಇನ್ನೊಂದು ಥರ ಇರೋದೇ ಕ್ಲಾಟ್‌ನ ಗುಣ. ಎಳೆಯುವ ಟೆಸ್ಟ್‌ಗೆ ಆರು ತಿಂಗಳು ಹೋಯಿತು. ಒದ್ದೆ ಕ್ಲಾಟ್ ಕ್ಲಾಂಪ್‌ನಿಂದ ಜಾರುತ್ತೆ, ಬಿಗಿ ಮಾಡಿದರೆ ಅಲ್ಲೇ ತುಂಡಾಗುತ್ತೆ. ಕೊನೆಗೆ ಹಿಡಿತ ಸಿಕ್ಕಿತು. ಏನು ಹಚ್ಚಿದೆ ಅಂತ ಮಾತ್ರ ಸದ್ಯಕ್ಕೆ ಹೇಳಲ್ಲ.

ಕ್ಲಾಟ್ ಮಾಡಿದ್ದು ಕುರಿ ರಕ್ತದಲ್ಲಿ. ಬೆಳಗಿನ ಜಾವ ಮಟನ್ ಅಂಗಡಿಗೆ ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಉಪ್ಪು) ಹಾಕಿದ ಬಾಟಲಿ ಹಿಡ್ಕೊಂಡು ಹೋಗುತ್ತಿದ್ದೆ. ಕೆಂಪು ಕಣ ಜಾಸ್ತಿ ಇದ್ದರೆ ಕ್ಲಾಟ್ ಮೆತ್ತಗೆ, ಫೈಬ್ರಿನ್ (ಕ್ಲಾಟ್ ಒಳಗೆ ಬಲೆಯಂತೆ ಹೆಣೆದ ಪ್ರೋಟೀನ್ ಎಳೆ) ಜಾಸ್ತಿ ಇದ್ದರೆ ಗಟ್ಟಿ. ಮೊದಲ ಇಪ್ಪತ್ತು ಕ್ಲಾಟ್ ಎಸೆದೆ. ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟು, ಪ್ಲೇಟ್‌ಲೆಟ್‌ಗಳು ಅದನ್ನು ಕುಗ್ಗಿಸಲು ಬಿಟ್ಟ ಮೇಲೆ ಸರಿಯಾಯಿತು. ರಕ್ತ ಹೆಪ್ಪುಗಟ್ಟಿಸುವ ಕಿಣ್ವ ಥ್ರಾಂಬಿನ್‌ಗೇ ಅರವತ್ತು ಸಾವಿರದ ಹತ್ತಿರ ಹೋಯಿತು. ದುಡ್ಡು ಉಳಿಸೋಣ ಅಂತ ನಡುವೆ ಚೈನಾ ಗ್ರಾಸ್‌ನಲ್ಲೂ ಮಾಡಿ ನೋಡಿದೆ. ಪಟಕ್ಕನೆ ಬಿರುಕು ಬಿಡುತ್ತೆ, ಉಪಯೋಗವಿಲ್ಲ.

ಎರಡನೇ ತಪ್ಪು ಘರ್ಷಣೆ. ಎಲ್ಲ ಕ್ಲಾಟ್‌ಗೂ ಒಂದೇ ಸಂಖ್ಯೆ ಹಾಕಿದ್ದೆ. ಕುರಿಯ ದೊಡ್ಡ ರಕ್ತನಾಳ ಸೀಳಿ, ಒಳಮೈ ಮೇಲೆ ಬರುವಂತೆ ಹಲಗೆಗೆ ಅಂಟಿಸಿ, ಸಲೈನ್ ಚಿಮುಕಿಸಿ, ಕ್ಲಾಟ್ ಇಟ್ಟು ನಿಧಾನವಾಗಿ ವಾಲಿಸಿದೆ. ಕೆಂಪಗಿನದು ಹತ್ತು ಡಿಗ್ರಿ ಸುಮಾರಿಗೆ ಜಾರಿತು. ಬಿಳಿಚಿಕೊಂಡ ಫೈಬ್ರಿನ್ ಕ್ಲಾಟ್ ಇಪ್ಪತ್ತೈದು ದಾಟಿದರೂ ಕಚ್ಚಿಕೊಂಡೇ ಇತ್ತು. ಆ ಹಲಗೆಗೆ ಖರ್ಚಾಗಿದ್ದು ಮುನ್ನೂರು ರೂಪಾಯಿ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಟೆಸ್ಟ್ ಇದೇ.

ಇನ್ನು ಸಾಲ್ವರ್, ಅಂದರೆ ಮಾಡೆಲ್‌ನ ಲೆಕ್ಕ ಬಿಡಿಸುವ ಸಾಫ್ಟ್‌ವೇರ್. ಬೇಗ ಮುಗಿಯಲಿ ಅಂತ ಮಾಸ್ ಸ್ಕೇಲಿಂಗ್ (ಲೆಕ್ಕದಲ್ಲಿ ತೂಕವನ್ನು ಸುಳ್ಳಾಗಿ ಹೆಚ್ಚಿಸೋದು) ಜಾಸ್ತಿ ಮಾಡಿದೆ. ಕ್ಲಾಟ್ ಚಿಮ್ಮತೊಡಗಿತು. ಬಾಡಿಗೆ ಸರ್ವರ್‌ಗೆ ಕಟ್ಟಿದ ಒಂದೂವರೆ ಲಕ್ಷದಲ್ಲಿ ಅರ್ಧ ಹೀಗೇ ಹೋಯಿತು. ಈಗ ಚಲನಶಕ್ತಿ, ಒಳಶಕ್ತಿಯ (ಹಿಗ್ಗಿ ಬಾಗಿದಾಗ ಒಳಗೆ ಸೇರುವ ಶಕ್ತಿ) ಐದು ಪರ್ಸೆಂಟ್ ದಾಟಿದರೆ ಆ ರನ್ ನಿಲ್ಲಿಸಿಬಿಡುತ್ತೇನೆ. ನಿಟಿನಾಲ್ (ಬಾಗಿಸಿದರೂ ಮೊದಲಿನ ಆಕಾರಕ್ಕೆ ಮರಳುವ ಲೋಹ) ಸ್ಟೆಂಟನ್ನು ಸಾಲಿಡ್ ಎಲಿಮೆಂಟ್ (ಘನ ತುಂಡುಗಳು) ಬಿಟ್ಟು ಬೀಮ್‌ಗೆ (ತೆಳು ಕಡ್ಡಿಗಳು) ಬದಲಿಸಿದೆ. ಮೂರು ದಿನದ ರನ್ ಒಂದು ರಾತ್ರಿಗೆ ಇಳಿಯಿತು. ಕ್ಲಾಟ್ ಒಳಗೆ ಕೊಹೆಸಿವ್ ಎಲಿಮೆಂಟ್ (ಎಳೆತ ಮಿತಿ ಮೀರಿದರೆ ಬಿಟ್ಟುಕೊಳ್ಳುವ ಅಂಟಿನಂಥ ಪದರ) ಹಾಕಿದ ಮೇಲೆ ಅದು ಹರಿಯಲು ಶುರುವಾಯಿತು, ಅದೂ ಬೆಂಚ್ ಮೇಲೆ ಹರಿಯುವ ಜಾಗದಲ್ಲೇ.

ಅದೇ ಡಾಕ್ಟರನ್ನು ಕರೆದೆ. ಹನ್ನೆರಡು ಕ್ಲಾಟ್. ಪ್ರತಿಯೊಂದರ ಫಲಿತಾಂಶ ಮೊದಲೇ ಬರೆದು ಲಕೋಟೆಯಲ್ಲಿ ಅವರ ಕೈಗೆ ಕೊಟ್ಟೆ. ಎಳೆದವರೂ ಅವರೇ. ಹತ್ತು ಸರಿಹೋದವು. ಅವರು ಏನೂ ಹೇಳದೆ ಲಕೋಟೆಗಳನ್ನು ಇನ್ನೊಮ್ಮೆ ತೆರೆದು ಓದಿದರು.

ತಪ್ಪಿದ ಎರಡೂ ಕ್ಲಾಟ್, ನಾಳ ಕವಲೊಡೆಯುವ ಜಾಗದಲ್ಲಿದ್ದವು. ಅಲ್ಲಿ ಮೆಶ್ (ಲೆಕ್ಕಕ್ಕಾಗಿ ಮಾಡೆಲನ್ನು ತುಂಡು ಮಾಡಿದ ಜಾಲ) ಒರಟಾಗಿತ್ತು. ಅದನ್ನು ಸಣ್ಣದು ಮಾಡಿ ನಿನ್ನೆ ರಾತ್ರಿ ರನ್‌ಗೆ ಹಾಕಿದ್ದೇನೆ.